ಹೆಸರು ಅಚ್ಚಾಗಿದೆ, ಅಳತೆ ಎಲ್ಲಿ?

ಕೊಯಮತ್ತೂರಿನಿಂದ ತಿರುಚ್ಚಿ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸೂಲೂರು ಸಿಗುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಪಲ್ಲಡಂ, ಉತ್ತರಕ್ಕೆ ತಿರುಗಿದರೆ ಕರುಮತ್ತಂಪಟ್ಟಿ, ಸೋಮನೂರು, ಅಲ್ಲಿಂದಾಚೆ ತಿರುಪ್ಪೂರು. ನೂಲಿನ ಗಿರಣಿ, ಪವರ್‌ಲೂಮ್ ಶೆಡ್ಡು, ಬನಿಯನ್ ಕಂಪನಿ, ಇವುಗಳಲ್ಲಿ ಒಂದರ ಸದ್ದಾದರೂ ಕಿವಿಗೆ ಬೀಳದ ಊರು ಈ ಸೀಮೆಯಲ್ಲಿ ಅಪರೂಪ. ಭಾರತ ಹೊರದೇಶಗಳಿಗೆ ಕಳಿಸುವ ಹೆಣಿಗೆ ಉಡುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಿರುಪ್ಪೂರಿನದು. ಮುಖ ನೋಡದ ಮಕ್ಕಳಿಗೆಲ್ಲ ಅಂಗಿ ಹೊಲಿದುಕೊಡುವ ಈ ಜನ ತಮ್ಮ ಮನೆಯ ಕೂಸಿನ ಹುಟ್ಟುಹಬ್ಬಕ್ಕೆ ಏನು ಕೊಡುತ್ತಾರೆ? ಬೇರೆ ಊರಿನವರು ಕೊಡುವುದನ್ನೇ: ಫೋಟೊ ಅಚ್ಚಾದ ಮಗ್, ಹೆಸರು ಅಚ್ಚಾದ ದಿಂಬು, ಹೆಸರು ಕೊರೆದ ಕೀಚೈನು. ಮಗ್ಗದ ಸೀಮೆಗೆ ಮಗ್ ಬಂದು ಕೂತಿದೆ.

ಈ ಮಗ್ ತಯಾರಾಗುವ ಬಗೆ ಬಲು ಸರಳ. ವಿಶೇಷ ಶಾಯಿಯಲ್ಲಿ ಕಾಗದದ ಮೇಲೆ ಚಿತ್ರ ಅಚ್ಚು ಹಾಕಿ, ಲೇಪನವಿರುವ ಬಿಳಿ ಮಗ್ ಒಂದಕ್ಕೆ ಸುತ್ತಿ, ಯಂತ್ರದೊಳಗಿಟ್ಟು ಇನ್ನೂರು ಡಿಗ್ರಿಯ ಹತ್ತಿರದ ಶಾಖದಲ್ಲಿ ಕೆಲವು ನಿಮಿಷ ಒತ್ತಿದರೆ ಮುಗಿಯಿತು. ಅಂಗಡಿಗೆ ಬೇಕಾದದ್ದು ಒಂದು ಹೆಸರು, ಒಂದು ಫೋಟೊ, ಒಂದು ವಿಳಾಸ. ಪಡೆಯುವವರು ಕಾಫಿ ಕುಡಿಯುತ್ತಾರೆಯೇ, ಕುಡಿದರೆ ಯಾವುದರಲ್ಲಿ ಎಂದು ಯಾರೂ ಕೇಳುವುದಿಲ್ಲ. ಜೀವಮಾನವಿಡೀ ಟಂಬ್ಲರ್–ದಬರಾದಲ್ಲಿ ಕಾಫಿ ಆರಿಸಿ ಕುಡಿದ ಅಜ್ಜನ ಮನೆಯಲ್ಲಿ ಆ ಮಗ್ ಷೋಕೇಸ್ ಸೇರಿ, ಮೊಮ್ಮಕ್ಕಳ ಪೆನ್ನು ಪೆನ್ಸಿಲು ಹೊತ್ತು ನಿಲ್ಲುತ್ತದೆ. ಆದರೂ ಅದಕ್ಕೆ ‘ಪರ್ಸನಲೈಸ್ಡ್ ಗಿಫ್ಟ್’ ಎಂಬ ಬಿರುದು.

ಉಡುಗೊರೆಯೊಂದು ಇಂಥವರದೇ ಎನ್ನಿಸಬೇಕಾದರೆ ಹೆಸರಿಗಿಂತ ಅಳತೆ ಮುಖ್ಯ. ತಲೆಯ ಸುತ್ತು, ತೋಳಿನ ಉದ್ದ, ಕಣ್ಣಿಗೆ ಹಿತವಾಗುವ ಬಣ್ಣ, ಕೈಗೆ ಭಾರವಾಗದ ತೂಕ, ದಿನದ ಯಾವ ಹೊತ್ತಿಗೆ ಅದು ಬಳಕೆಗೆ ಬರುತ್ತದೆ ಎಂಬ ಅಂದಾಜು, ಎಲ್ಲ ಸೇರಿ ಅಳತೆ. ಇದು ಹತ್ತಿರ ಇದ್ದವರಿಗೆ ಗೊತ್ತಿರುತ್ತದೆ, ಇಲ್ಲವೇ ಕೇಳಿ ತಿಳಿದುಕೊಳ್ಳಬೇಕು. ಕೈಯಾರೆ ಮಾಡಿದ ಉಡುಗೊರೆಯ ಪರವಾಗಿ ನಿಲ್ಲುವ ಗಟ್ಟಿ ವಾದ ಇದೊಂದೇ. ಪ್ರೀತಿ, ಭಾವನೆ, ಆತ್ಮೀಯತೆ ಎಂಬ ಮಾತುಗಳನ್ನೆಲ್ಲ ಮಗ್ ಮಾರುವವರ ಜಾಹೀರಾತೇ ಖರ್ಚು ಮಾಡಿ ಮುಗಿಸಿದೆ.

ಸೂಲೂರು ಸೀಮೆಯ ಕನ್ನಡದ ಮನೆಗಳಲ್ಲಿ ಹೆಸರಿನ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಕೊಯಮತ್ತೂರು, ತಿರುಪ್ಪೂರು, ಈರೋಡು, ಸೇಲಂ ಜಿಲ್ಲೆಗಳ ಎಷ್ಟೋ ದೇವಾಂಗ ನೇಕಾರ ಕುಟುಂಬಗಳು, ಅವರಂತೆಯೇ ಎಷ್ಟೋ ಒಕ್ಕಲಿಗ ಕುಟುಂಬಗಳು, ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದಿವೆ. ಅದು ತಮಿಳು ಬೆರೆತ, ತನ್ನದೇ ರಾಗವಿರುವ ಕನ್ನಡ. ದಸರೆಯಲ್ಲಿ ಕೊಯಮತ್ತೂರಿನ ಬೀದಿಗಳಲ್ಲಿ ದೇವಾಂಗ ಯುವಕರು ಎದೆಗೆ ಕತ್ತಿ ಹೊಡೆದುಕೊಳ್ಳುತ್ತ ಅಲಗು ಸೇವೆ ಸಲ್ಲಿಸುವಾಗ ಚೌಡೇಶ್ವರಿಯನ್ನು ‘ತಾಯೇ’ ಎಂದು ಕೂಗುತ್ತಾರೆ. ಶಾಲೆ, ಪತ್ರಿಕೆ, ರೇಷನ್ ಕಾರ್ಡು ಮಾತ್ರ ತಮಿಳಿನದು, ಆದ್ದರಿಂದ ಓದು ಬರಹವೂ ತಮಿಳಿನಲ್ಲೇ. ಬೆಂಗಳೂರಿನ ನೆಂಟರು ಚೆಂದದ ಕನ್ನಡ ಅಕ್ಷರದಲ್ಲಿ ಹೆಸರು ಅಚ್ಚು ಹಾಕಿಸಿ ದಿಂಬು ಕಳಿಸಿದರೆ, ಹೆಸರಿನ ಒಡತಿಗೇ ಅದನ್ನು ಓದಲು ಬರುವುದಿಲ್ಲ. ಅವಳ ಸೊಂಟನೋವು ನೆನೆದು, ಅವಳು ದಿನವೂ ಕೂರುವ ಕುರ್ಚಿಗೆ ಹೊಂದುವಂತೆ ದಿಂಬು ಹೊಲಿದು ಕಳಿಸಿದರೆ ಲಿಪಿಯ ಪ್ರಶ್ನೆ ಏಳುವುದೇ ಇಲ್ಲ.

ನೇಕಾರರ ಪುರಾಣದಲ್ಲಿ ಮೊದಲ ಬಟ್ಟೆಯೂ ಉಡುಗೊರೆಯೇ. ವಿಷ್ಣುವಿನ ನಾಭಿಕಮಲದ ನಾರಿನಿಂದ ನೂಲು ತರಲು ಹೋದ ದೇವಲ ಮಹರ್ಷಿಯನ್ನು ಹಿಂದಿರುಗುವ ದಾರಿಯಲ್ಲಿ ರಾಕ್ಷಸರು ಅಡ್ಡಗಟ್ಟುತ್ತಾರೆ, ಚೌಡೇಶ್ವರಿ ಕಾಣಿಸಿಕೊಂಡು ಅವರನ್ನು ಕೊಲ್ಲುತ್ತಾಳೆ, ಆಮೇಲೆ ದೇವಲ ನೇಯ್ದ ಬಟ್ಟೆ ದೇವತೆಗಳ ಮೈ ಮುಚ್ಚುತ್ತದೆ. ಮುದನೂರಿನ ಜೇಡರ ದಾಸಿಮಯ್ಯನ ಕಥೆ ಇದಕ್ಕಿಂತ ಹರಿತವಾದದ್ದು. ಆತ ವರ್ಷಗಟ್ಟಲೆ ಕೂತು ನೇಯ್ದ ಬಟ್ಟೆಯನ್ನು ಮುದಿ ಜಂಗಮನೊಬ್ಬ ಬೇಡುತ್ತಾನೆ. ದಾಸಿಮಯ್ಯ ಕೊಡುತ್ತಾನೆ. ಪಡೆದವನು ಕಣ್ಣೆದುರೇ ಅದನ್ನು ಚೂರು ಚೂರಾಗಿ ಹರಿದುಹಾಕುತ್ತಾನೆ. ದಾಸಿಮಯ್ಯ ಸಿಟ್ಟಾಗುವುದಿಲ್ಲ. ಜಂಗಮ ಶಿವನಾಗಿ ತೋರಿ ಬರಿದಾಗದ ತವನಿಧಿ ಕೊಟ್ಟನೆಂದು ಕಥೆ ಮುಗಿಯುತ್ತದೆ. ನಿಧಿಯನ್ನು ನಂಬುವುದು ಬಿಡುವುದು ಅವರವರ ಭಕ್ತಿಗೆ ಬಿಟ್ಟದ್ದು. ಕೊಟ್ಟ ಮೇಲೆ ಬಟ್ಟೆ ಪಡೆದವನದು, ಅವನು ಉಡಲಿ ಹರಿಯಲಿ ಎಂಬ ತಿಳಿವು ಮಾತ್ರ ಕೈಯಾರೆ ಮಾಡಿ ಕೊಡುವ ಎಲ್ಲರಿಗೂ ಬೇಕು. ಅದರ ಮಾತು ಮುಂದೆ ಮತ್ತೆ ಬರುತ್ತದೆ.

ಕರ್ನಾಟಕದ ಕಡೆ ಅಳತೆಯ ಉಡುಗೊರೆಗೆ ಹಬ್ಬದ ಮಾನವೇ ಇದೆ. ಉತ್ತರ ಕರ್ನಾಟಕದಲ್ಲಿ ಬಸುರಿಗೆ ತವರಿನವರು ಮಾಡುವ ಸೀಮಂತಕ್ಕೆ ಹೆಸರೇ ಕುಬಸ. ಮೈ ತುಂಬಿಕೊಂಡ ಮಗಳಿಗೆ ಹಳೆಯ ಕುಬಸ ಬಿಗಿಯಾಗುವ ತಿಂಗಳಲ್ಲಿ ಹೊಸದು ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವಂತೂ ಕುಬಸಕ್ಕೆಂದೇ ಮಗ್ಗದ ಮೇಲೆ ಹುಟ್ಟಿದ ಬಟ್ಟೆ. ಕೂಸು ಹುಟ್ಟಿದ ಮೇಲೆ ತೊಟ್ಟಿಲಿನ ದಿನಕ್ಕೆ ಅಜ್ಜಿ, ಸೋದರತ್ತೆಯರ ಕೈಯ ಕುಲಾವಿ. ಎಳೆಯ ನೆತ್ತಿಯ ಮೇಲೆ ಭಾರ ಬೀಳಬಾರದು, ಕಿವಿ ಮುಚ್ಚಬೇಕು, ಗಂಟು ಕುತ್ತಿಗೆಗೆ ಒತ್ತಬಾರದು. ಇಷ್ಟು ಗೊತ್ತಿರುವವರ ಹೊಲಿಗೆಯಲ್ಲಿ ಅದು ಟೊಪ್ಪಿಗೆಯಾಗುತ್ತದೆ. ಕೂಸಿನ ಮೊದಲ ಬಟ್ಟೆಗೆ ಹೊಸ ಬಟ್ಟೆ ಬೇಡವೆಂದು ಅಜ್ಜನ ಹಳೆಯ ಪಂಚೆ ಹರಿದು ಲಂಗೋಟಿ ಮಾಡುವ ರೂಢಿಯಲ್ಲೂ ಇದೇ ಲೆಕ್ಕಾಚಾರ: ನೂರು ಸಲ ಒಗೆಸಿಕೊಂಡ ಹತ್ತಿಯಷ್ಟು ಮೆತ್ತನೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕೌದಿಯ ಮಾತು ಬಾರದೆ ಈ ಲೆಕ್ಕ ಪೂರ್ತಿಯಾಗದು. ಹಳೆಯ ಸೀರೆ, ಹರಿದ ಅಂಗಿ, ಮಾಸಿದ ಲಂಗಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿ ಕರ್ನಾಟಕದ ಉದ್ದಗಲಕ್ಕೂ ಇದೆ. ಆದರೆ ಅದನ್ನು ಇವರಿಗೇ ಎಂದು ಹೊಲಿಯುವ ಕಲೆಯಲ್ಲಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳನ್ನು ಮೀರಿಸುವವರು ಕಡಿಮೆ. ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬಂದು ಮುಟ್ಟುವ ಓಟದ ಹೊಲಿಗೆ ಅವರದು. ಮೂಲೆಗಳಿಗೆ ಬಟ್ಟೆ ಮಡಿಸಿ ಮಾಡಿದ ‘ಫುಲಾ’ ಬೀಳದೆ ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ತೊಟ್ಟಿಲ ಮಗುವಿಗೆ ಚಿಕ್ಕದು, ದೊಡ್ಡವರಿಗೆ ದೊಡ್ಡದು. ಕೂಸಿನದಕ್ಕೆ ಕಣ್ಣು ಸೆಳೆಯುವ ಬಣ್ಣದ ತುಂಡುಗಳು ಹೆಚ್ಚು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಬೆನ್ನುಬಿದ್ದು ಅಧ್ಯಯನ ಮಾಡಿದ ಮೇಲೆ 2011ರಲ್ಲಿ ಅವು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆಗಳನ್ನೂ ಏರಿದವು. ಮೊಮ್ಮಗು ಉಚ್ಚೆ ಹೊಯ್ಯಲೆಂದೇ ಹೊಲಿದ ಬಟ್ಟೆ ಪ್ರದರ್ಶನದ ಗೋಡೆಗೆ ಏರಿದ್ದು ಕೌದಿಗೆ ಬಡ್ತಿಯೋ ಹಿಂಬಡ್ತಿಯೋ ಎಂಬುದನ್ನು ಹೊಲಿದ ಅಜ್ಜಿಯರೇ ಹೇಳಬೇಕು.

ಅಳತೆಗೆಟ್ಟ ಉಡುಗೊರೆಗೂ ನಮ್ಮಲ್ಲಿ ಒಂದು ಚಿರಂಜೀವಿ ಉದಾಹರಣೆಯಿದೆ: ತಾಂಬೂಲದ ರವಿಕೆ ಕಣ. ಯಾರ ತೋಳಿಗೂ ಸಾಲದ ಉದ್ದ, ಯಾವ ಸೀರೆಗೂ ಹೊಂದದ ಬಣ್ಣ, ಒಂದು ಒಗೆತಕ್ಕೆ ಜಾಲರಿಯಾಗುವ ನೇಯ್ಗೆ. ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ಬಂದದ್ದು ಬೀರುವಿನಲ್ಲಿ ಕೆಲಕಾಲ ಕೂತು, ಮುಂದಿನ ವ್ರತಕ್ಕೆ ಇನ್ನೊಂದು ಮನೆಗೆ ಹೊರಡುತ್ತದೆ. ಕೊಯಮತ್ತೂರಿನ ನವರಾತ್ರಿ ಗೊಲುವಿನಲ್ಲಾಗಲಿ, ಮೈಸೂರಿನ ಬೊಂಬೆ ಹಬ್ಬದಲ್ಲಾಗಲಿ ಈ ಸಂಚಾರದಲ್ಲಿ ವ್ಯತ್ಯಾಸವೇನಿಲ್ಲ. ಊರೆಲ್ಲ ಸುತ್ತಿ ಕೊಟ್ಟವರ ಮನೆಗೇ ಮರಳಿ ಬಂದ ಕಣದ ಕಥೆ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಇದೀಗ ಅದರ ಜೊತೆಗೆ ಪ್ಲಾಸ್ಟಿಕ್ ಡಬ್ಬಿಯೂ ಪ್ರಯಾಣ ಹೊರಟಿದೆ.

ಕಣ ಸುತ್ತುವುದಕ್ಕೆ ಕಾರಣ ಲೆಕ್ಕ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಮದುವೆಗೆ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟೇ, ಸಾಧ್ಯವಾದರೆ ತುಸು ಹೆಚ್ಚೇ, ಹಿಂದಿರುಗಿಸಬೇಕು. ಸೂಲೂರು ಕಡೆ ಅದೇ ‘ಮೊಯ್’. ಅದಕ್ಕೂ ಛತ್ರದ ಬಾಗಿಲಲ್ಲಿ ಮೇಜು, ನೋಟುಪುಸ್ತಕ. ಕೊಯಮತ್ತೂರು ಸುತ್ತಿನ ಕೊಂಗುನಾಡಿನಲ್ಲಿ ಸೋದರಮಾವನ ಉಡುಗೊರೆಯಾದ ‘ಸೀರು’ ಬರುವಾಗ ಸೀರೆ, ಹಣ್ಣು, ಪಾತ್ರೆಗಳ ತಟ್ಟೆಗಳು ಸಾಲಾಗಿ ಮೆರವಣಿಗೆಯಲ್ಲೇ ಬರುತ್ತವೆ, ಎಣಿಸುವವರಿಗೆ ಅನುಕೂಲವಾಗಲೆಂಬಂತೆ. ಕೊಡುವುದು, ಪಡೆಯುವುದು, ಹಿಂದಿರುಗಿಸುವುದು ಮೂರೂ ಕಟ್ಟುಪಾಡುಗಳೇ ಎಂದು ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ದೊಡ್ಡ ಪ್ರಬಂಧ ಬರೆದ. ಸೀರಿನ ಮೆರವಣಿಗೆ ಕಂಡ ಯಾವ ಅತ್ತಿಗೆಯೂ ಅದನ್ನು ಓದದೆಯೇ ಬಲ್ಲಳು. ಮುಯ್ಯಿ ಕೆಟ್ಟದ್ದೇನೂ ಅಲ್ಲ, ಬಡವರ ಮದುವೆ ನಡೆದದ್ದೇ ಅದರ ಬಲದಿಂದ. ಆದರೆ ಅದಕ್ಕೆ ಅಂಕಿ ಬೇಕು. ಮೂರು ತಿಂಗಳು ಹೊಲಿದ ಕೌದಿಯ ಮುಂದೆ ಮೊಯ್ ಪುಸ್ತಕದವನು ಎಷ್ಟೆಂದು ಬರೆಯಬೇಕು? ಲೆಕ್ಕಕ್ಕೆ ಸಿಗದ ಇಂಥ ಒಂದೆರಡು ವಸ್ತುಗಳಾದರೂ ಪ್ರತಿ ಮದುವೆಗೆ ಬರುವುದು ಒಳ್ಳೆಯದು.

ಅಳತೆ ಹೊಂದಿದ ಮತ್ತು ಹೊಂದದ ಎರಡು ಉಡುಗೊರೆಗಳನ್ನು ಒಬ್ಬನೇ ಮನುಷ್ಯ ಕೊಟ್ಟ ಪ್ರಸಂಗ ಇತಿಹಾಸದಲ್ಲಿದೆ. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಗಾಂಧೀಜಿ ಚಪ್ಪಲಿ ಹೊಲಿಯುವುದನ್ನು ಗೆಳೆಯ ಕಾಲೆನ್‌ಬಾಕ್‌ನಿಂದ ಕಲಿತರು. ಜೈಲಿನಲ್ಲಿದ್ದಾಗ ಹೊಲಿದ ಒಂದು ಜೊತೆಯನ್ನು 1914ರಲ್ಲಿ ಆ ದೇಶ ಬಿಡುವಾಗ, ತಮ್ಮನ್ನು ಜೈಲಿಗೆ ಹಾಕಿಸಿದ ಜನರಲ್ ಸ್ಮಟ್ಸ್‌ಗೇ ಕೊಟ್ಟುಹೋದರು. ಸ್ಮಟ್ಸ್ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ, ಎಷ್ಟೋ ಬೇಸಿಗೆ ಮೆಟ್ಟಿ ತಿರುಗಾಡಿದ. 1939ರಲ್ಲಿ ಗಾಂಧಿಗೆ ಎಪ್ಪತ್ತು ತುಂಬಿದಾಗ ಗೌರವದಿಂದ ಹಿಂದಕ್ಕೆ ಕಳಿಸಿಕೊಟ್ಟ. ವೈರಿಯ ಕಾಲಿನ ಅಳತೆ ಹಿಡಿದ ಉಡುಗೊರೆ ಅದು. 1947ರಲ್ಲಿ ಎಲಿಜಬೆತ್ ರಾಜಕುಮಾರಿಯ ಮದುವೆಗೆ ಅದೇ ಗಾಂಧಿ ತಾವೇ ನೂತ ನೂಲಿನಿಂದ ಹೆಣೆಸಿದ ಕಸೂತಿಯಂಥ ಬಟ್ಟೆಯೊಂದನ್ನು ಕಳಿಸಿದರು. ನಡುವೆ ‘ಜೈ ಹಿಂದ್’ ಎಂಬ ಅಕ್ಷರಗಳಿದ್ದವು. ಉಡುಗೊರೆಗಳ ಪ್ರದರ್ಶನದಲ್ಲಿ ಅದನ್ನು ಕಂಡ ವಧುವಿನ ಅಜ್ಜಿ ರಾಣಿ ಮೇರಿ, ಇದು ಆ ಮುದುಕನ ಲಂಗೋಟಿಯೇ ಇರಬೇಕೆಂದು ಮುಖ ಸಿಂಡರಿಸಿದಳಂತೆ. ನೂಲು ಅದೇ ಕೈಯದು, ಶ್ರದ್ಧೆಯೂ ಅದೇ. ಬಕಿಂಗ್‌ಹ್ಯಾಮ್ ಅರಮನೆಯ ಮೇಜಿನ ಅಳತೆ ಮಾತ್ರ ಸೇವಾಗ್ರಾಮಕ್ಕೆ ತಿಳಿದಿರಲಿಲ್ಲ. ಬಟ್ಟೆಯ ಮೇಲಿನ ಅಕ್ಷರ ಕೊಟ್ಟವರ ಮಾತನ್ನು ಹೇಳುತ್ತಿತ್ತೇ ಹೊರತು ಬಟ್ಟೆ ಪಡೆದವಳ ಬಳಕೆಗೆ ಒದಗುವಂತಿರಲಿಲ್ಲ. ಬಟ್ಟೆ ಇಂದಿಗೂ ಆ ರಾಜಮನೆತನದ ಸಂಗ್ರಹದಲ್ಲಿ ಭದ್ರವಾಗಿದೆ. ಚಪ್ಪಲಿ ಸವೆಯಿತು.

ಮೂರನೆಯದು ನೆಹರೂ ಅವರದು. 1942ರ ಮಾರ್ಚ್ 26ರಂದು ಅಲಹಾಬಾದಿನಲ್ಲಿ ಇಂದಿರಾ ಹಸೆಮಣೆ ಏರಿದಾಗ ಉಟ್ಟ ಗುಲಾಬಿ ಬಣ್ಣದ ಖಾದಿ ಸೀರೆಯ ನೂಲನ್ನು ಅಪ್ಪ ಜೈಲಿನಲ್ಲಿ ನೂತಿದ್ದರು. ಒಂದು ಸೀರೆಗಾಗುವಷ್ಟು ನೂಲು ತೆಗೆಯುವುದು ನಾಲ್ಕು ದಿನದ ಕೆಲಸವಲ್ಲ. ಗಾಂಧಿಗೂ ನೆಹರೂಗೂ ಕೈಯಾರೆ ಉಡುಗೊರೆ ಮಾಡಲು ಪುರುಸೊತ್ತು ಸಿಕ್ಕಿದ್ದು ಆಳುವವರ ಕೃಪೆಯಿಂದ, ಕಂಬಿ ಹಿಂದೆ. ಹೊರಗಿದ್ದ ಗಂಡಸರಿಗೆ ಆ ಕಾಲದಲ್ಲೂ ಪುರುಸೊತ್ತು ಕಡಿಮೆಯೇ ಇತ್ತು.

ಇದು ಬರೀ ನಗೆಯ ಮಾತಲ್ಲ. ಮನೆಯ ಕೈಕೆಲಸದ ಉಡುಗೊರೆಯ ಬಗ್ಗೆ ಬರೆಯುವವರೆಲ್ಲ ಅಜ್ಜಿಯರನ್ನು ಹೊಗಳುತ್ತಾರೆ. ಆ ಅಜ್ಜಿಗೆ ಕೌದಿ ಹೊಲಿಯಲು ಸಿಗುತ್ತಿದ್ದ ಹೊತ್ತು ಯಾವುದು ಎಂದು ಕೇಳುವವರಿಲ್ಲ: ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಮಗ್ಗಕ್ಕೆ ಕಂಡಿಕೆ ಸುತ್ತಿಕೊಟ್ಟು ಉಳಿದ ಹೊತ್ತು. 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಲ್ಲಿ ಶೇ 72ರಷ್ಟು ಹೆಂಗಸರು. ಹಗಲೆಲ್ಲ ಕೂಲಿಗೆ ಕೈಯಾಡಿಸಿದವಳು ರಾತ್ರಿ ಪ್ರೀತಿಗೂ ಕೈಯಾಡಿಸಲಿ ಎಂದು ಬಯಸುವುದು ನ್ಯಾಯವಲ್ಲ. ಮನೆಯಲ್ಲಿ ಕೈಯಾರೆ ಉಡುಗೊರೆ ಮಾಡುವ ರೂಢಿ ಮತ್ತೆ ಬರಬೇಕೆನ್ನುವವರು ಸೂಜಿ ದಾರವನ್ನು ಮೊದಲು ಗಂಡುಮಕ್ಕಳ ಕೈಗೆ ಕೊಡಲಿ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಗಂಡಸರು ದಿನವಿಡೀ ಹೊಲಿಯುತ್ತಾರೆ. ಮನೆಗೆ ಬಂದಾಕ್ಷಣ ಸೂಜಿ ಹಿಡಿಯಲು ಬಾರದವರಾಗುವುದು ವಿಚಿತ್ರ.

ಕೈಯಾರೆ ಮಾಡಿದವರಿಗೆ ಒಂದು ಕಾಯಿಲೆಯೂ ಅಂಟಿಕೊಂಡಿರುತ್ತದೆ. ಅಮೆರಿಕದ ಸಂಶೋಧಕರಾದ ನಾರ್ಟನ್, ಮೋಚನ್, ಏರಿಯಲಿ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಾಗದ ಮಡಿಸಿ ಗೊಂಬೆ ಮಾಡಿದವರು ತಮ್ಮ ಸೊಟ್ಟ ಗೊಂಬೆಗೆ ಬೇರೆಯವರು ಕಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚು ಬೆಲೆ ಕಟ್ಟಿಕೊಂಡರು. ಅದಕ್ಕೂ ಒಂದು ವರ್ಷ ಮೊದಲು ಜೀನೊ ಮತ್ತು ಫ್ಲಿನ್ ಎಂಬಿಬ್ಬರು ತೋರಿಸಿದ್ದು ಇನ್ನೂ ಕಹಿ: ಕೊಡುವವರು ತಾವೇ ಯೋಚಿಸಿ ತಂದದ್ದೂ ಕೇಳಿದ್ದನ್ನು ತಂದಷ್ಟೇ ಮೆಚ್ಚುಗೆ ಪಡೆಯುತ್ತದೆ ಎಂದುಕೊಳ್ಳುತ್ತಾರೆ, ಪಡೆಯುವವರಿಗೆ ಮಾತ್ರ ತಾವು ಕೇಳಿದ್ದೇ ಸಿಕ್ಕರೆ ಸಂತೋಷ. ಕೊಟ್ಟ ಸ್ವೆಟರನ್ನು ಯಾಕೆ ಹಾಕಿಕೊಂಡಿಲ್ಲ ಎಂದು ಪ್ರತಿ ಭೇಟಿಯಲ್ಲೂ ವಿಚಾರಿಸುವ ಚಿಕ್ಕಮ್ಮನಿಗೆ ಈ ಪ್ರಯೋಗಗಳ ಅಗತ್ಯವಿಲ್ಲ, ದಾಸಿಮಯ್ಯನ ಕಥೆ ಸಾಕು. ಕೇಳಿ ಮಾಡುವುದರಲ್ಲಿ ಅವಮಾನವೇನಿಲ್ಲ. ದರ್ಜಿ ಅಳತೆ ತೆಗೆದುಕೊಂಡೇ ಕತ್ತರಿ ಹಿಡಿಯುತ್ತಾನೆ. ಅಚ್ಚರಿ ಹುಟ್ಟಿಸುವ ಹಟದಲ್ಲಿ ಅಳತೆ ಕೇಳದೆ ಹೆಣೆದ ಸ್ವೆಟರಿಗಿಂತ, ಎದುರಿಗೆ ಕೂರಿಸಿಕೊಂಡು ಬಣ್ಣ ಕೇಳಿ ಹೆಣೆದದ್ದು ಹೆಚ್ಚು ಚಳಿಗಾಲ ಕಾಣುತ್ತದೆ.

ಎಲ್ಲರಿಗೂ ಒಂದೇ ಬಗೆಯದು ಕೊಡಬೇಕಾದ ಸಂದರ್ಭಗಳೂ ಇವೆ. ಕರ್ನಾಟಕ ಸರ್ಕಾರ 2007ರಲ್ಲಿ ಬಡ ಬಾಣಂತಿಯರಿಗೆ ಕೊಡತೊಡಗಿದ ‘ಮಡಿಲು’ ಕಿಟ್‌ನಲ್ಲಿ 19 ಸಾಮಾನುಗಳಿದ್ದವು. ತಮಿಳುನಾಡು 2015ರಲ್ಲಿ ಶುರುಮಾಡಿದ ಅಮ್ಮ ಕಿಟ್‌ನಲ್ಲಿ 16. ಎಂ.ಜಿ.ಆರ್. ಕಾಲದಲ್ಲಿ, 1983ರಲ್ಲಿ, ಆರಂಭವಾದ ಪೊಂಗಲ್ ಸೀರೆ–ಪಂಚೆ ಯೋಜನೆ ಈಗ ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಸೀರೆ ಬೇಡುತ್ತದೆ, ಆ ಆರ್ಡರಿನಿಂದ ಕೊಂಗುನಾಡಿನ ಪವರ್‌ಲೂಮ್‌ಗಳಿಗೆ ತಿಂಗಳುಗಟ್ಟಲೆ ಕೆಲಸ. ಇಲ್ಲಿ ಹೆಸರೂ ಇಲ್ಲ, ಅಳತೆಯೂ ಇಲ್ಲ, ಇರಬೇಕಾಗಿಯೂ ಇಲ್ಲ. ಹಕ್ಕಿನಿಂದ ಪಡೆಯುವುದಕ್ಕೂ ಒಲವಿನಿಂದ ಪಡೆಯುವುದಕ್ಕೂ ಬೇರೆ ಬೇರೆ ನಿಯಮ.

ಸೂಲೂರಿನಂಥ ಊರಿನಲ್ಲಿ ಕೈಯಾರೆ ಮಾಡಿದ ಉಡುಗೊರೆ ಕಡಿಮೆಯಾದದ್ದಕ್ಕೆ ಅಭಿರುಚಿಯನ್ನು ದೂರುವುದು ಸುಲಭ, ಆದರೆ ಕಾರಣ ಕೂಲಿಯ ಲೆಕ್ಕದಲ್ಲಿದೆ. ಇಲ್ಲಿಯ ಪವರ್‌ಲೂಮ್ ಮನೆಗಳಲ್ಲಿ ಹೆಚ್ಚಿನವು ತಮ್ಮ ಬಟ್ಟೆ ನೇಯುವುದಿಲ್ಲ. ವ್ಯಾಪಾರಿ ಕೊಟ್ಟ ನೂಲನ್ನು ಮೀಟರಿಗಿಷ್ಟು ಎಂಬ ಕೂಲಿಗೆ ನೇಯ್ದುಕೊಡುತ್ತವೆ. ಆ ಕೂಲಿ ಏರಲಿಲ್ಲವೆಂದು 2022ರ ಆರಂಭದಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೂಲಿ ನೇಕಾರರು ಒಂದು ತಿಂಗಳಿಗೂ ಹೆಚ್ಚು ಕಾಲ ಮಗ್ಗ ನಿಲ್ಲಿಸಿದ್ದರು. ಮೀಟರಿನ ಲೆಕ್ಕದಲ್ಲಿ ಬದುಕುವವನಿಗೆ ಮಗಳಿಗಾಗಿ ಕಳೆದ ಒಂದು ಗಂಟೆ ಎಂದರೆ ಕೂಲಿ ತಪ್ಪಿದ ಒಂದು ಗಂಟೆ. ಪಟ್ಟಣದ ಹವ್ಯಾಸಿಗೆ ಕೈಕೆಲಸವೆಂದರೆ ಬಿಡುವಿನ ಸುಖ, ಬಟ್ಟೆಯನ್ನೇ ನಂಬಿದವರಿಗೆ ಅದು ದುಬಾರಿ ವಸ್ತು. ಇನ್ನೂರು ರೂಪಾಯಿಯ ಮಗ್ ಗೆದ್ದದ್ದು ಹೀಗೆ.

ಆದ್ದರಿಂದ ಕೈ ಯಾರದು ಎಂಬುದಕ್ಕಿಂತ ಅಳತೆ ಯಾರು ಕೊಟ್ಟರು ಎಂಬುದನ್ನು ನೋಡುವುದೇ ಸರಿ. ಕೊಡುವವರಿಗೆ ನೇಯಲು ಬಾರದಿದ್ದರೆ ನೇಯುವವರಿಗೆ ಹೇಳಿ ಮಾಡಿಸಬಹುದು, ಇದಕ್ಕೆ ಈ ಸೀಮೆಯಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಸೂಲೂರಿನಿಂದ ದಕ್ಷಿಣಕ್ಕೆ ನೆಗಮಂ ಸುತ್ತಿನ ಹತ್ತಿ ಸೀರೆ, ಜಿಲ್ಲೆಯ ಹೆಸರನ್ನೇ ಹೊತ್ತ, ರೇಷ್ಮೆ ಹತ್ತಿ ಬೆರೆತ ಕೋವೈ ಕೋರಾ ಸೀರೆ, ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಉತ್ತರಕ್ಕೆ ಭವಾನಿ ನದಿಯ ದಂಡೆಯ ಸಿರುಮುಗೈಯಲ್ಲಿ ರೇಷ್ಮೆ ಮಗ್ಗಗಳಿವೆ. ಕೈಮಗ್ಗದ ಗುಣವೂ ಇದಕ್ಕೆ ಒದಗಿಬರುತ್ತದೆ. ಮಗ್ಗಕ್ಕೆ ಏರಿಸಿದ ಒಂದೇ ಹಾಸಿನಲ್ಲಿ ಹಲವು ಸೀರೆ ಇಳಿಯುತ್ತವೆ. ಹಾಸು ಒಂದೇ ಆದರೂ ಪ್ರತಿ ಸೀರೆಗೆ ಹೊಕ್ಕಿನ ಬಣ್ಣ ಬೇರೆ ಮಾಡಬಹುದು, ಬುಟ್ಟಾ ದಟ್ಟವಾಗಿಸಬಹುದು ಇಲ್ಲವೇ ಬಿಡಿಸಬಹುದು. ಅಕ್ಕತಂಗಿಯರು ಸೇರಿ ಒಂದು ಹಾಸು ಹಿಡಿದರೆ ಕಪ್ಪು ಮೆಚ್ಚುವವಳಿಗೆ ಕಪ್ಪು ಹೊಕ್ಕು, ವಯಸ್ಸಾದ ಅಮ್ಮನಿಗೆ ಜರಿ ಕಡಿಮೆಯ ಹಗುರ ಸೀರೆ, ಎತ್ತರದ ಅತ್ತಿಗೆಗೆ ನೆರಿಗೆ ಸಾಲುವಷ್ಟು ಉದ್ದ. ಇದಕ್ಕೆ ಹೊಸ ಯಂತ್ರ ಬೇಡ, ನೇಕಾರರ ಸಹಕಾರ ಸಂಘಗಳು ಬಿಡಿ ಆರ್ಡರನ್ನು ಹಿಡಿಯುವ ಒಂದು ಪುಸ್ತಕವಿಟ್ಟರೆ ಸಾಕು.

ಕಂಪ್ಯೂಟರ್ ಜಕಾರ್ಡ್ ಬಂದ ಮೇಲೆ ಸೆರಗಿನಲ್ಲಿ ವಧೂವರರ ಮುಖವನ್ನೇ ನೇಯಿಸುವ ಉತ್ಸಾಹ ಹೆಚ್ಚಿದೆ. ಇದೇನೂ ಹೊಸ ಹುಚ್ಚಲ್ಲ. ಜಕಾರ್ಡ್ ಯಂತ್ರದ ಜನಕನ ಭಾವಚಿತ್ರವನ್ನೇ 1839ರಲ್ಲಿ ಲಿಯೋನ್ ನಗರದಲ್ಲಿ ತೂತು ಕೊರೆದ 24,000 ಕಾರ್ಡುಗಳನ್ನು ಬಳಸಿ ರೇಷ್ಮೆಯಲ್ಲಿ ನೇಯ್ದಿದ್ದರು. ಕಂಪ್ಯೂಟರಿನ ಪಿತಾಮಹನೆನ್ನಿಸಿಕೊಂಡ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ಮನೆಯಲ್ಲಿಟ್ಟು ಅತಿಥಿಗಳಿಗೆ ತೋರಿಸಿ ಬೀಗುತ್ತಿದ್ದ. ನೇಯ್ಗೆಯ ಜಾಣ್ಮೆಗೆ ಕೈಮುಗಿಯಬೇಕು. ಆದರೆ ಮದುವೆಯ ಮರುದಿನ ಗಂಡನ ಮುಖವನ್ನು ಭುಜದ ಮೇಲೆ ಹೊತ್ತು ಆ ಸೀರೆಯನ್ನು ಎಲ್ಲಿಗೆ ಉಡುವುದು? ಅದು ಮಗ್ಗದಲ್ಲಿ ಹುಟ್ಟಿದರೂ ಗುಣದಲ್ಲಿ ಮಗ್‌ನ ತಂಗಿ.

ದುಡ್ಡು ಹೆಚ್ಚಿಲ್ಲದವರಿಗೆ ತಿರುಪ್ಪೂರಿನ ಖಾದರ್‌ಪೇಟೆ ಇದೆ. ರಫ್ತಿಗೆ ಹೋಗದೆ ಉಳಿದ ಬಟ್ಟೆ ಅಲ್ಲಿ ರಾಶಿ ರಾಶಿಯಾಗಿ ಬೀಳುತ್ತದೆ. ಬನಿಯನ್ ಕತ್ತರಿಸಿದ ಚೂರು ಈ ಸೀಮೆಯಲ್ಲಿ ಕೆಜಿ ಲೆಕ್ಕಕ್ಕೆ ಸಿಗುತ್ತದೆ. ಅದರಲ್ಲಿ ಒಂದಷ್ಟು ಮತ್ತೆ ನೂಲಾಗುತ್ತದೆ, ಒಂದಷ್ಟು ಕೊಯಮತ್ತೂರಿನ ಪಂಪು, ಮೋಟಾರು ವರ್ಕ್‌ಷಾಪುಗಳಲ್ಲಿ ಎಣ್ಣೆ ಒರೆಸುತ್ತದೆ. ಹೆಣಿಗೆಯ ಹತ್ತಿ ಮೆತ್ತಗೆ, ಬೆವರು ಹೀರುತ್ತದೆ, ಎಳೆದರೆ ಹಿಗ್ಗುತ್ತದೆ. ಕೂಸಿನ ಕುಲಾವಿಗೆ, ಲಂಗೋಟಿಗೆ, ಬಾಣಂತಿಯ ತಲೆಗೆ ಕಟ್ಟುವ ಬಟ್ಟೆಗೆ ಇದಕ್ಕಿಂತ ಒಳ್ಳೆಯದು ಸಿಗದು. ಆನ್‌ಲೈನಿನಲ್ಲಿ ಸಿಗುವ ‘ನೀವೇ ಮಾಡಿ ನೋಡಿ’ ಕಿಟ್‌ಗಳಿಗೆ ಸುರಿಯುವ ಹಣದಲ್ಲಿ ಇಲ್ಲಿ ಒಂದು ಮೂಟೆ ಚೂರು ಬರುತ್ತದೆ. ಆ ಕಿಟ್‌ಗಳಲ್ಲಿ ಬಣ್ಣ, ಅಳತೆ, ನಮೂನೆ ಎಲ್ಲವೂ ಮೊದಲೇ ನಿಶ್ಚಯವಾಗಿ ಬರುವುದರಿಂದ ಮಾಡುವವರಿಗೆ ಉಳಿಯುವುದು ಅಂಟಿಸುವ ಕೆಲಸ.

ಇನ್ನೊಂದು, ಸೀಮೆಗೆಲ್ಲ ಗೊತ್ತಿರುವ ವಸ್ತು: ಪ್ಲಾಸ್ಟಿಕ್ ವಯರಿನ ಬುಟ್ಟಿ. ಕರ್ನಾಟಕದ ಊರುಗಳಲ್ಲಿ ಹೆಣ್ಣುಮಕ್ಕಳು ಬಾಗಿಲ ಮೆಟ್ಟಿಲಲ್ಲಿ ಕೂತು ಹೆಣೆಯುತ್ತಿದ್ದದ್ದು ಇದನ್ನೇ. ಕೊಯಮತ್ತೂರು ಕಡೆ ಅದರ ಗಂಟುಗಳಿಗೂ ಹೆಸರುಗಳಿವೆ, ‘ನೆಲ್ಲಿಕಾಯಿ’, ‘ಶಿವನ್ ಕಣ್’. ಪೇಟೆಯಲ್ಲಿ ವಯರಿನ ಕಟ್ಟು ಕೊಂಡು, ಪಡೆಯುವವರ ಟಿಫಿನ್ ಕ್ಯಾರಿಯರ್ ಎಷ್ಟು ಅಂತಸ್ತಿನದು ಎಂದು ನೋಡಿ ತಳ ಹಾಕಿದರೆ ಬುಟ್ಟಿ ಅವರದೇ ಆಗುತ್ತದೆ. ಬಸ್ಸಿನಲ್ಲಿ ಕಾಲ ಬಳಿ ಇಡುವವರಿಗೆ ಅಗಲ ಕಡಿಮೆ, ಸ್ಕೂಟರಿಗೆ ತೂಗುಹಾಕುವವರಿಗೆ ಹಿಡಿಕೆ ಉದ್ದ. ಗಿರಣಿಯ ರಾತ್ರಿ ಪಾಳಿಗೆ ಹೋಗುವ ತಮ್ಮನಿಗೆ ಕತ್ತಲಲ್ಲೂ ಕಾಣುವ ಹಳದಿ. ಕಲಿಯಲು ವಾರ ಸಾಕು, ಬಾಳಿಕೆ ವರ್ಷಗಟ್ಟಲೆ. ಪ್ಲಾಸ್ಟಿಕ್ ಎಂದು ಮೂಗು ಮುರಿಯುವವರು ಆ ಬುಟ್ಟಿ ಎಷ್ಟು ಕ್ಯಾರಿಬ್ಯಾಗ್‌ಗಳನ್ನು ಮನೆಗೆ ಬಾರದಂತೆ ತಡೆಯುತ್ತದೆ ಎಂಬುದನ್ನೂ ಎಣಿಸಲಿ.

ಮಾಡಿಸಿ ಕೊಡುವವರು ಕೂಲಿಯ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು. ಅದೇ ಕೈಮಗ್ಗ ಗಣತಿಯಲ್ಲಿ ಮೂರರಲ್ಲಿ ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ ಐದು ಸಾವಿರ ರೂಪಾಯಿಗಿಂತ ಕಡಿಮೆಯೆಂದು ದಾಖಲಾಗಿದೆ. ಬಿಡಿ ಸೀರೆಗೆ ಬಣ್ಣ ಬದಲಿಸುವುದು, ಮಗ್ಗ ನಿಲ್ಲಿಸಿ ನಮೂನೆ ಕೂಡಿಸುವುದು ನೇಕಾರನ ದಿನವನ್ನು ತಿನ್ನುತ್ತದೆ, ಆ ದಿನಕ್ಕೂ ಬೆಲೆ ಸೇರಿಸಿ ಕೇಳಿದರೆ ಚೌಕಾಸಿ ಮಾಡದೆ ಕೊಡಬೇಕು. ಅರ್ಧ ಹಣ ಮುಂಗಡ, ನೂಲಿನ ಬಣ್ಣವನ್ನು ಹಗಲು ಬೆಳಕಲ್ಲಿ ನೋಡಿ ಒಪ್ಪುವುದು, ಹಬ್ಬದ ಮುನ್ನಾದಿನ ಓಡಿಬಂದು ಅವಸರ ಮಾಡದೆ ಎರಡು ಮೂರು ತಿಂಗಳು ಮೊದಲೇ ಹೇಳುವುದು, ಇಷ್ಟನ್ನು ಪಾಲಿಸಿದರೆ ನೇಕಾರನಿಗೂ ಮರ್ಯಾದೆ. ದೀಪಾವಳಿಗೆ ಬೇಕಾದ ಸೀರೆಯ ಮಾತನ್ನು ಆಷಾಢದಲ್ಲೇ ಎತ್ತಬೇಕು, ಆಗ ವ್ಯಾಪಾರ ಮಂದವಿದ್ದು ಮಗ್ಗಗಳಿಗೂ ಬಿಡುವಿರುತ್ತದೆ.